ಪೇಟದೊಳಗಿನ ಹೊಗೆ

ಒಂದಾನೊಂದು ಊರಿನಲ್ಲಿ, ಊರಿನ ಹೆಸರು ಮಾತ್ರ ಕೇಳಬೇಡಿ, ಹೇಳಿದರೆ ಅಲ್ಲಿಯವರು ಇವತ್ತಿಗೂ ತಲೆ ತಗ್ಗಿಸುತ್ತಾರೆ, ಒಬ್ಬ ರಾಜನಿದ್ದ. ಅವನಿಗೆ ಆನೆ ಬೇಡ, ಕುದುರೆ ಬೇಡ, ಯುದ್ಧವೂ ಬೇಡ. ಜನರ ಮನೆಯ ಒಲೆಯಲ್ಲಿ ಸೌದೆ ಉಳಿಯಬೇಕು, ಅಷ್ಟೇ. ನಿದ್ದೆಯಲ್ಲೂ ಸೌದೆ ಸೌದೆ ಅಂತ ಕನವರಿಸುತ್ತಿದ್ದ.

ಸೌದೆ ಉಳಿಸುವ ಕೆಲಸಕ್ಕೆ ದೊಡ್ಡವೀರಯ್ಯ ಎಂಬುವನನ್ನು ಪಾರುಪತ್ಯಗಾರನನ್ನಾಗಿ ನೇಮಿಸಿದ. ದೊಡ್ಡವೀರಯ್ಯ ಮನೆ ಮನೆಗೆ ಹೋಗಿ ಒಲೆ ನೋಡಿದ. ಕಡಿಮೆ ಸುಟ್ಟವರ ಬಾಗಿಲಿಗೆ ಸುಣ್ಣದಲ್ಲಿ ನಕ್ಷತ್ರ ಬರೆದ. ಒಬ್ಬರಿಗೆ ಒಂದು, ಒಬ್ಬರಿಗೆ ಎರಡು. ಎಲ್ಲರಿಗೂ ಐದು ಯಾಕಿಲ್ಲ ಅಂತ ರಾಜ ಕೇಳಿದ. ದೊಡ್ಡವೀರಯ್ಯ ಮೂರು ದಿನ ಕೂತು ಯೋಜನೆ ಹಾಕಿದ. ಒಲೆ ಆರಿದರೆ ಪಕ್ಕದ ಮನೆಯಿಂದ ತೆಂಗಿನ ಚಿಪ್ಪಿನಲ್ಲಿ ಕೆಂಡ ತರುವುದು ಆ ಊರಿನ ರೂಢಿ. ಅದನ್ನೇ ಕಟ್ಟಳೆ ಮಾಡಿದ. ಇನ್ನು ಯಾರೂ ತಮ್ಮ ಮನೆಯಲ್ಲಿ ಬೆಂಕಿ ಹೊತ್ತಿಸಕೂಡದು, ಪಕ್ಕದ ಮನೆಯದನ್ನೇ ತರಬೇಕು. ಊರಿನ ಚಕಮಕಿ ಕಲ್ಲುಗಳನ್ನೆಲ್ಲ ಅರಮನೆಗೆ ತುಂಬಿಸಿದ.

ಜನ ಒಲೆ ಆರಿಸಿದರು. ಚಿಪ್ಪು ಹಿಡಿದು ಪಕ್ಕದ ಮನೆಗೆ ಹೋದರು. ಪಕ್ಕದ ಮನೆಯವರು ಅದರ ಪಕ್ಕದ ಮನೆಗೆ ಹೋಗಿದ್ದರು. ಅವರು ಅದರಾಚೆ ಮನೆಗೆ. ಊರು ದುಂಡಗಿತ್ತು ನೋಡಿ, ಎಲ್ಲರೂ ಒಂದು ಸುತ್ತು ಬಂದು ತಮ್ಮ ತಮ್ಮ ಬಾಗಿಲ ಮುಂದೆಯೇ ನಿಂತು, ಒಳಗೆ ಯಾರಾದರೂ ಇದ್ದೀರಾ ಅಂತ ಕೂಗಿದರು. ಒಂದು ಕಡ್ಡಿಯೂ ಸುಡಲಿಲ್ಲ. ಬಾಗಿಲಿಗೆಲ್ಲ ಐದೈದು ನಕ್ಷತ್ರ ಬಿತ್ತು. ಜನ ನೆನೆಸಿದ ಅವಲಕ್ಕಿ ತಿಂದರು. ರಾಜ ಕುಣಿದಾಡಿದ.

ಅಷ್ಟರಲ್ಲಿ ದೊಡ್ಡವೀರಯ್ಯನ ಮಗಳು ಹೆತ್ತಳು. ಬಾಣಂತಿಗೆ ಹಂಡೆ ತುಂಬ ಬಿಸಿನೀರು ಬೇಕು. ಹೆಂಡತಿ ಹೊನ್ನಾಜಮ್ಮ ಕೇಳಿದಳು, "ನಿಮ್ಮ ನಕ್ಷತ್ರದ ಮೇಲೆ ಹಂಡೆ ಇಡ್ಲಾ?"

ದೊಡ್ಡವೀರಯ್ಯ ಸೊಂಟದ ಚೀಲ ತಡಕಿದ. ಅರಮನೆಗೆ ಸೇರದ ಕಲ್ಲೊಂದು ಅಲ್ಲೇ ಉಳಿದುಕೊಂಡಿತ್ತು. ಹೇಗೆ ಉಳಿಯಿತು ಅಂತ ನನ್ನನ್ನು ಕೇಳಬೇಡಿ. ಬಾಗಿಲು ಹಾಕಿಕೊಂಡು ಬಚ್ಚಲೊಲೆ ಹೊತ್ತಿಸಿದ. ಹೊಗೆ ಎದ್ದು, ಹೋಗಿ ಬರ್ತೀನಿ ಅಂತ ಕಿಟಕಿಯ ಕಡೆ ಹೊರಟಿತು. ದೊಡ್ಡವೀರಯ್ಯ ಕೈಮುಗಿದು, ಹೊರಗೆ ಹೋದರೆ ಮಾನ ಹೋಗುತ್ತದೆ ಅಂದ. ಹಾಗಾದರೆ ಎಲ್ಲಿರಲಿ ಅಂದಿತು ಹೊಗೆ. ಪೇಟದೊಳಗೆ ಇರಪ್ಪ ಅಂದ. ಮರ್ಯಾದಸ್ಥ ಹೊಗೆ, ಒಪ್ಪಿಕೊಂಡಿತು. ದಿನಕ್ಕೊಂದು ಹಂಡೆ ನೀರು ಕಾಯಿತು, ದಿನಕ್ಕೊಂದು ಗೇಣು ಪೇಟ ಬೆಳೆಯಿತು. ದೊಡ್ಡ ಅಧಿಕಾರಿ, ದೊಡ್ಡ ಪೇಟ ಅಂತ ಜನ ದಾರಿ ಬಿಟ್ಟರು.

ಒಂದು ಬೆಳಗ್ಗೆ ಪಕ್ಕದ ಮನೆಯ ಸಾಕವ್ವ ಚಿಪ್ಪು ಹಿಡಿದು ಬಂದಳು.

"ಅಣ್ಣಾ, ಒಂದೇ ಒಂದು ಕೆಂಡ ಇದ್ರೆ ಕೊಡಿ. ಸೊಸೆ ಹೆತ್ತು ಐದು ದಿನ ಆಯ್ತು. ಮಗು ಮೈಯೆಲ್ಲ ತಣ್ಣಗೈತೆ."

ಒಳಗೆ ಒಲೆ ಕೆಮ್ಮಿತು. ಅದು ಕೇಳಿಸದಿರಲಿ ಅಂತ ದೊಡ್ಡವೀರಯ್ಯನೂ ಕೆಮ್ಮಿದ.

"ಇಲ್ಲಮ್ಮ. ನಮ್ಮದೂ ಐದು ನಕ್ಷತ್ರದ ಮನೆ."

ಸಾಕವ್ವ ಬಾಗಿಲ ನಕ್ಷತ್ರ ಎಣಿಸಿದಳು. ಐದೂ ಇದ್ದವು. ಕೈಮುಗಿದು ಹೋದಳು. ಆ ದಿನ ದೊಡ್ಡವೀರಯ್ಯ ಬಿಸಿ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿ ಅವಲಕ್ಕಿ ನೆನೆಸಿಕೊಂಡ. ನಾಚಿಕೆಯಾಯಿತು. ಆದರೂ ಪೇಟ ಬಿಚ್ಚಲಿಲ್ಲ.

ಹನ್ನೊಂದನೆಯ ದಿನ ರಾಜ ಊರನ್ನೆಲ್ಲ ಸೇರಿಸಿ ಪಾರುಪತ್ಯಗಾರನಿಗೆ ಜರಿಪೇಟದ ಸನ್ಮಾನ ಇಟ್ಟ. ಹಳೆಯದರ ಮೇಲೆಯೇ ಸುತ್ತಿ ಮಹಾಸ್ವಾಮಿ ಅಂತ ದೊಡ್ಡವೀರಯ್ಯ ಗೋಗರೆದ. ಒಂದು ತಲೆಗೆ ಎರಡು ಪೇಟ ದಂಡ ಅಲ್ಲವೇ ಅಂತ ರಾಜನೇ ಹಳೆಯದನ್ನು ಎತ್ತಿದ.

ಹನ್ನೊಂದು ದಿನದ ಹೊಗೆ ಎದ್ದು ನಿಂತಿತು. ರಾಜನಿಗೆ ನಮಸ್ಕಾರ ಮಾಡಿ, ತಾನು ದೊಡ್ಡವೀರಯ್ಯನವರ ಬಚ್ಚಲೊಲೆಯ ಹೊಗೆ ಅಂತ ಪರಿಚಯ ಹೇಳಿಕೊಂಡಿತು. ಇನ್ನು ತಲೆ ಹೋಯಿತು ಅಂದುಕೊಂಡ ದೊಡ್ಡವೀರಯ್ಯ. ತಲೆ ಹೋಗಿದ್ದರೇ ಚೆನ್ನಾಗಿತ್ತು. ರಾಜ ಹೊಗೆಯನ್ನು ಸುತ್ತಿ ಸುತ್ತಿ ನೋಡಿ ಹಿಗ್ಗಿದ. ಹೊಗೆಯನ್ನೂ ಪೋಲು ಮಾಡದೆ ತಲೆಯ ಮೇಲೆ ಹೊತ್ತ ಪುಣ್ಯಾತ್ಮ ಇನ್ನೆಲ್ಲಿದ್ದಾನೆ ಅಂದ. ಆರನೆಯ ನಕ್ಷತ್ರ ಕೊಟ್ಟ. ಜನರ ಕೈಯಲ್ಲಿ ಚಪ್ಪಾಳೆ ಹೊಡೆಸಿದ.

ಒಬ್ಬಳು ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಅವಳ ಕೈಯಲ್ಲಿ ಚಿಪ್ಪಿತ್ತು.

"ಅವತ್ತು ನಾನು ಬಂದಾಗ್ಲೂ ಇತ್ತಾ ಅಣ್ಣಾ?" ಅಂದಳು ಸಾಕವ್ವ.

"ಇತ್ತು ತಾಯಿ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಅವನು ಉಳಿಯುತ್ತಿದ್ದ. ದೊಡ್ಡವೀರಯ್ಯ ಬರಿದಲೆಯಲ್ಲಿ ಮನೆಗೆ ಓಡಿದ. ಒಲೆಯಲ್ಲಿದ್ದ ಕೆಂಡವನ್ನೆಲ್ಲ ಬಾಣಲೆಗೆ ಬಳಿದು ತಂದು ಸಾಕವ್ವನ ಹೊಸ್ತಿಲಲ್ಲಿ ಇಟ್ಟ. ಒಳಗೆ ಮಗು ಸೀನುತ್ತಿತ್ತು. ಸಾಕವ್ವ ಹಂಡೆಗೆ ಬೆಂಕಿ ಹಾಕಿದಳು. ಮಿಕ್ಕ ಕೆಂಡವನ್ನು ಚಿಪ್ಪಿಗೆ ಹಾಕಿ ಆಚೆ ಮನೆಗೆ ಕೊಟ್ಟಳು. ಆಚೆ ಮನೆಯವರು ಅದರಾಚೆ ಮನೆಗೆ ಕೊಟ್ಟರು. ಊರು ದುಂಡಗಿತ್ತು ನೋಡಿ, ಸಂಜೆಯೊಳಗೆ ಬೆಂಕಿ ಒಂದು ಸುತ್ತು ಬಂದು, ಆರಿಹೋಗಿದ್ದ ದೊಡ್ಡವೀರಯ್ಯನ ಒಲೆಗೂ ಸಿಕ್ಕಿತು.

ಬೇರೆಯವರ ನಕ್ಷತ್ರಗಳೆಲ್ಲ ಹೊಗೆಗೆ ಮಾಸಿದವು. ತನ್ನ ಬಾಗಿಲ ಆರನ್ನು ದೊಡ್ಡವೀರಯ್ಯ ಬೂದಿ ಹಾಕಿ ಉಜ್ಜಿದ, ಹುಣಸೆಹಣ್ಣು ಹಾಕಿ ಉಜ್ಜಿದ. ಉಜ್ಜಿದಷ್ಟೂ ಹೊಳೆದವು. ಅಂದಿನಿಂದ ಅವನು ಬಚ್ಚಲ ಬಾಗಿಲಿಂದಲೇ ಓಡಾಡುತ್ತಾನೆ.

ನೀತಿ ಬೇಕೆಂದರೆ ಇಷ್ಟು: ಹೊಗೆಯನ್ನು ಪೇಟದಲ್ಲಿ ಕಟ್ಟುವವರು ಸನ್ಮಾನಕ್ಕೆ ಹೋಗಬಾರದು. ಕತೆ ಆರಿತು, ಒಲೆ ಉರಿಯಿತು. ನಾನೂ ಬಚ್ಚಲ ಬಾಗಿಲಿಂದ ಹೊರಟೆ.