ತಡಿ ಎನ್ನುವ ಕಾರ್ಡು

ನದಿ ದಂಡೆಯ ಆಶ್ರಮದಲ್ಲಿ ಒಂದು ಸಣ್ಣ ಆಸ್ಪತ್ರೆ. ಅಲ್ಲಿನ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವಂತೆ ನೋಡಿಕೊಳ್ಳುವವರು ಹಂಪಣ್ಣ ಮೇಷ್ಟ್ರು. ಅವರ ಶಿಷ್ಯೆ ಇಂದುಮತಿ, ಪ್ರತಿ ಕಂಪ್ಯೂಟರಿನೊಳಗೂ ಕೂತು ಕಳಿಸುವ, ತೆಗೆದುಕೊಳ್ಳುವ ನೆಟ್‌ವರ್ಕ್ ಕಾರ್ಡುಗಳನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮು ಬರೆಯುತ್ತಿದ್ದಳು.

ಒಂದು ದಿನ ಅವಳು ಬಂದು ಹೇಳಿದಳು, “ಮೇಷ್ಟ್ರೇ, ಎಕ್ಸ್‌ರೇ ಚಿತ್ರಗಳು ಅರ್ಧಂಬರ್ಧ ಬರ್ತಿವೆ. ಕಳಿಸೋದು ಬೇಗ, ತಗೊಳ್ಳೋದು ನಿಧಾನ. ಹಿಡಿಸದೆ ಇದ್ದದ್ದು ಚೆಲ್ಲಿ ಹೋಗ್ತಿದೆ.”

“ತಗೊಳ್ಳೋ ಕಾರ್ಡು ಏನನ್ನುತ್ತೆ?”

“ಏನೂ ಅನ್ನಲ್ಲ.”

“ಯಾಕೆ?”

“ಅನ್ನೋದಕ್ಕೆ ನಾನೇ ಬಿಟ್ಟಿಲ್ಲ. ‘ತಡಿ’ ಅನ್ನೋದು ಕೈಲಾಗದ ಕಾರ್ಡಿನ ಮಾತು ಅನ್ನಿಸಿತ್ತು.”



“ಅನ್ನೋಕೆ ಬಿಡು. ಹೇಳಲಿ,” ಎಂದರು ಮೇಷ್ಟ್ರು.

ಅವಳು ಡ್ರೈವರ್ ತಿದ್ದಿದಳು. ತುಂಬಿದ ಕಾರ್ಡು ಈಗ ‘ತಡಿ’ ಎಂದು ಎಲ್ಲ ಕಂಪ್ಯೂಟರುಗಳ ಕೇಬಲ್ ಬಂದು ಸೇರುವ ಸ್ವಿಚ್ಚಿಗೆ ಹೇಳುತ್ತಿತ್ತು. ಸ್ವಿಚ್ಚು ಕಾಯುತ್ತಿತ್ತು. ಚಿತ್ರಗಳು ಇಡಿಯಾಗಿ ಬಂದವು.

ಹದಿನಾರನೆಯ ದಿನ ಬೆಳಿಗ್ಗೆ ಎಲ್ಲವೂ ನಿಂತಿತು.

“ಇವತ್ತು ನಿನ್ನ ಕಂಪ್ಯೂಟರುಗಳಿಗೆಲ್ಲ ಮೌನವ್ರತವೇನಮ್ಮ?” ಎಂದ ಔಷಧಿ ಕೊಡುವವನು.

ಸೊಂಟ ಮುರಿದ ಅಜ್ಜಿಯೊಬ್ಬಳ ಎಕ್ಸ್‌ರೇ ಪೇಟೆಯ ಮೂಳೆ ವೈದ್ಯರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಅಜ್ಜಿ ಮೂರು ಗಂಟೆ ನರಳುತ್ತ ಮಲಗಿದ್ದಳು. ಆ ನರಳಾಟ ಇಂದುಮತಿ ಕೂತಲ್ಲಿಗೆ ಕೇಳಿಸುತ್ತಿತ್ತು.

ಮೇಷ್ಟ್ರು ಕೋಣೆ ಕೋಣೆ ಹುಡುಕಿದರು. ಉಗ್ರಾಣದ ಮೂಲೆಯಲ್ಲಿ ಒಂದು ಕಂಪ್ಯೂಟರು ಕೆಟ್ಟು ನಿಂತಿತ್ತು. ಅದರ ಕೇಬಲ್ ಕಿತ್ತರು. ಆಸ್ಪತ್ರೆ ಉಸಿರಾಡಿತು.

“ಸತ್ತ ಕಂಪ್ಯೂಟರು ಉಳಿದದ್ದನ್ನೆಲ್ಲ ಹೇಗೆ ನಿಲ್ಲಿಸ್ತು ಮೇಷ್ಟ್ರೇ?”

“ಕಂಪ್ಯೂಟರು ಸತ್ತಿತ್ತು. ಕಾರ್ಡು ಬದುಕಿತ್ತು. ಒಳಗೆ ತುಂಬಿದ್ದನ್ನ ಖಾಲಿ ಮಾಡೋರಿಲ್ಲ. ತಡಿ, ತಡಿ ಅಂತ ಕೂಗ್ತಾನೇ ಇತ್ತು. ಸ್ವಿಚ್ಚು ಪಾಪ ಮರ್ಯಾದಸ್ಥ, ನಿಂತ್ಕೊಂಡಿತು. ಅದರ ಹೊಟ್ಟೆಯೂ ತುಂಬ್ತು. ಅದೂ ಎಲ್ಲರಿಗೂ ತಡಿ ಅಂತು.”

“ಇಷ್ಟು ಹೊತ್ತಾದರೂ ಯಾರೂ ಖಾಲಿ ಮಾಡದಿದ್ದರೆ ಬಾಯಿ ಮುಚ್ಚು ಅಂತ ಕಾರ್ಡಿಗೆ ಮೊದಲೇ ಹೇಳಿಡಬೇಕಿತ್ತು,” ಎಂದಳು ಇಂದುಮತಿ.

“ಹೌದು. ಆ ನಾಲ್ಕು ಸಾಲು ನಿನ್ನ ಡ್ರೈವರಿನಲ್ಲಿಲ್ಲ.”

“ಬರೆಯೋಕೆ ಕೂತಿದ್ದೆ. ನೀವು ಲ್ಯಾಬಿನ ಕೆಲಸ ಕೊಟ್ಟಿರಿ. ಆಮೇಲೆ ಉಗ್ರಾಣದ್ದು. ಅದು ಮುಗಿಯೋ ಮೊದಲು ಹೆರಿಗೆ ವಾರ್ಡಿನದು.”

“ಆಗಲ್ಲ ಅನ್ನಬಹುದಿತ್ತು.”

“ನಿಮಗೆ ಹೇಗೆ ಅನ್ನಲಿ?”



ಅವಳು ಸಂಜೆಯೊಳಗೆ ಆ ನಾಲ್ಕು ಸಾಲು ಬರೆದಳು. ಪರೀಕ್ಷೆಗೆಂದು ಒಂದು ಕಂಪ್ಯೂಟರನ್ನು ಬೇಕೆಂದೇ ಕೆಡಿಸಿದಳು. ಅದರ ಕಾರ್ಡು ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಉಳಿದವು ನಡೆದೇ ಇದ್ದವು.

ಆಮೇಲೆ ಬಟ್ಟೆಯ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಳು.

“ಇನ್ನು ನನ್ನಿಂದ ಆಗಲ್ಲ ಮೇಷ್ಟ್ರೇ. ಊರಿಗೆ ಹೋಗ್ತೀನಿ.”

“ಮತ್ತೆ ಬರೋದಿಲ್ಲವೋ?”

“ಗೊತ್ತಿಲ್ಲ. ಕಣ್ಣು ಮುಚ್ಚಿದರೂ ಆ ಅಜ್ಜಿ ನರಳ್ತಾಳೆ.” ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. “ಎಷ್ಟು ದಿನ ಮಲಗಿದರೆ ಸರಿಹೋಗ್ತೀನಿ? ನೀವೇ ಹೇಳಿ. ನೀವು ಹೇಳಿದಷ್ಟು ದಿನಕ್ಕೆ ಬರ್ತೀನಿ.”

ಮೇಜಿನ ಮೇಲೆ ಅವಳಿಗೆಂದು ಬರೆದಿಟ್ಟ ಮುಂದಿನ ವಾರದ ಕೆಲಸಗಳ ಚೀಟಿ ಇತ್ತು. ಮೇಷ್ಟ್ರು ಅದನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

“ಅದನ್ನ ನಾನು ಹೇಳೋ ಹಾಗಿಲ್ಲಮ್ಮ. ಕೆಲಸ ಕಳಿಸ್ತಾ ಇದ್ದವನು ನಾನು. ಎಷ್ಟು ತಡೀಬೇಕು ಅನ್ನೋದನ್ನ ತಗೊಳ್ಳೋರು ಹೇಳಬೇಕು.”