ಸಿಂಗಪ್ಪ ನಾಯಕರ ಆರಕ್ಷರ

“ಕಿವಿ ಚೆನ್ನಾಗೇ ಕೇಳ್ಸುತ್ತೆ ಬುದ್ಧಿ. ಮಂಡಿಗೇ ಕೇಳ್ಸಲ್ಲ.”

ಅವಳನ್ನ ಯಾರೂ ಏನೂ ಕೇಳಿರಲಿಲ್ಲ. ಇಡೀ ಆಸ್ಥಾನ ಎದ್ದು ನಿಂತಿದ್ದಾಗ ಹಾಡೋ ಗಿರಿಯಕ್ಕ ಒಬ್ಬಳೇ ಕೂತಿದ್ಲು, ಎಲ್ಲರ ಕಣ್ಣೂ ಅವಳ ಮೇಲೇ ಇತ್ತು. ಆ ಕಣ್ಣುಗಳಿಗೆ ಅವಳು ಕೊಟ್ಟ ಉತ್ತರ ಅದು.

ಇದಕ್ಕೆಲ್ಲ ಕಾರಣ ಅರಮನೆಯ ಇಂಗ್ಲಿಷ್ ಮೇಷ್ಟ್ರು ತಾತಾಚಾರಿ. ಹಾಲುಗುಂದಿಯ ದೊರೆ ಕೆಂಚವೀರ ನಾಯಕನಿಗೆ ತೀರಿಹೋದ ಅಪ್ಪ ಸಿಂಗಪ್ಪ ನಾಯಕರ ಮೇಲೆ ಪ್ರಾಣ. ಅದು ಗೊತ್ತಾಗಿದ್ದೇ ತಡ, ಮೇಷ್ಟ್ರು ಕಿವೀಲಿ ಊದಿದ್ರು:

“ಸಿಂಗಪ್ಪ ಅಂತ ಇಂಗ್ಲಿಷಲ್ಲಿ ಬರೆಯೋಕೆ ಎಸ್, ಐ, ಎನ್, ಜಿ, ಎ, ಪಿ, ಇಷ್ಟೇ ಸಾಕು. ಈ ಆರೂ ಅಕ್ಷರ ಇರೋ ಉದ್ದುದ್ದ ಪದಗಳು ಎಷ್ಟೊಂದಿವೆ ಗೊತ್ತೇ? ಅಂದ್ರೆ ಇಂಗ್ಲಿಷರು ದಿನಾ ನಿಮ್ಮ ಅಪ್ಪಾಜಿಯ ಜಪ ಮಾಡ್ತಿದ್ದಾರೆ.”

ದೊರೆ ಬೆಣ್ಣೆ ಹಾಗೆ ಕರಗಿಹೋದ. ಅಂಥ ಪದ ಕಿವಿಗೆ ಬಿದ್ರೆ ತಾನೂ ಸೇರಿ ಎಲ್ಲರೂ ಎದ್ದು ನಿಲ್ಲಬೇಕು ಅಂತ ಡಂಗುರ ಹೊಡೆಸಿಬಿಟ್ಟ.

ಅಲ್ಲಿಂದ ಮೇಷ್ಟ್ರದ್ದೇ ರಾಜ್ಯಭಾರ. “ಡಿಸಪಿಯರಿಂಗ್” ಅಂದ್ರೆ ದಿವಾನರು ಎದ್ರು. ಕೂತು ಶಲ್ಯ ಸರಿ ಮಾಡ್ಕೊಳ್ಳೋ ಹೊತ್ತಿಗೆ “ಡಿಸಪಾಯಿಂಟಿಂಗ್”. ಮತ್ತೆ ಎದ್ರು. ಆವತ್ತು ಒಂದೇ ತಾಸಲ್ಲಿ ಹನ್ನೊಂದು ಪದ ಆಗಿತ್ತು. ಹನ್ನೆರಡನೇದಕ್ಕೆ ಗಿರಿಯಕ್ಕನ ಮಂಡಿ ಕೈಕೊಡ್ತು.

“ಅಪ್ಪಾಜಿಗೆ ಮರ್ಯಾದೆ ಕೊಡದೋರಿಗೆ ಅಪ್ಪಾಜಿ ಕೊಟ್ಟ ಮನೆ ಯಾಕೆ?” ಅಂದ ದೊರೆ. “ಸೋಮವಾರಕ್ಕೆ ಹಿತ್ತಲ ಮನೆ ಖಾಲಿಯಾಗ್ಲಿ.”

ಆಸ್ಥಾನದ ವಿದೂಷಕ ಕಾಟಯ್ಯನಿಗೆ ಮೈಯೆಲ್ಲ ಉರೀತು. ಗಿರಿಯಕ್ಕನ ಕೈತುತ್ತು ತಿಂದು ಬೆಳೆದವನು ಅವನು. ಆದ್ರೆ ಮುಖದಲ್ಲಿ ತೋರಿಸ್ಕೊಳ್ದೆ ಸೀದಾ ಮೇಷ್ಟ್ರ ಕಾಲ ಬುಡದಲ್ಲಿ ಹೋಗಿ ಕೂತ.

“ಮೇಷ್ಟ್ರೇ, ನಂಗೂ ಒಂದು ಪದ ಕಲಿಸಿ. ಚಿಲ್ಲರೆ ಪದ ಬೇಡ. ಬುದ್ಧಿಯೋರೇ ಬೆರಗಾಗ್ಬೇಕು.”

“ನಿನ್ನ ನಾಲಿಗೆ ಹೊರಳುತ್ತೇನಯ್ಯಾ?”

“ಹೊರಳದಿದ್ರೆ ನೀವಿದ್ದೀರಲ್ಲ, ಹಿಡಿದು ಹೊರಳಿಸಿ.”

ಮೇಷ್ಟ್ರು ಪೂರಿ ಹಾಗೆ ಉಬ್ಬಿ ಸಂಜೆವರೆಗೂ ಉರು ಹೊಡೆಸಿದ್ರು: “ಮಿಸ್‌ಅಪ್ರಿಹೆಂಡಿಂಗ್.” ಹದಿನೈದಕ್ಷರದ ಪದ, ಆರೂ ಅಕ್ಷರ ಒಳಗಿವೆ.

ಭಾನುವಾರ ಸಿಂಗಪ್ಪ ನಾಯಕರ ಹುಟ್ಟಿದಹಬ್ಬದ ಊಟ. ಊಟದ ಮನೆಗೆ ಆ ಸಿಂಗಪ್ಪ ನಾಯಕರೇ ಮಾಡಿಟ್ಟ ಒಂದು ಹಳೇ ಕಟ್ಟಳೆ ಇತ್ತು: ಎಲೆ ಮುಂದಿಂದ ಎದ್ದೋರು ಆ ಹೊತ್ತು ಅರಮನೇಲಿ ಮತ್ತೆ ಉಣ್ಣೋ ಹಾಗಿಲ್ಲ, ದೊರೆಯಾದ್ರೂ ಅಷ್ಟೇ. ಕಾಟಯ್ಯ ಗಿರಿಯಕ್ಕನನ್ನ ಪಂಕ್ತಿಯ ತುದೀಲಿ ಮೆಲ್ಲಗೆ ಕೂರಿಸಿದ.

ಹೋಳಿಗೆ ಬಂತು. ಮೇಲೆ ತುಪ್ಪ ಬಿತ್ತು. ದೊರೆ ಒಂದು ಚೂರು ಮುರಿದು ಬಾಯಿ ತೆರೆದ.

“ಮಿಸ್‌ಅಪ್ರಿಹೆಂಡಿಂಗ್,” ಅಂದ ಕಾಟಯ್ಯ.

ಪಂಕ್ತಿಗೆ ಪಂಕ್ತಿಯೇ ಎದ್ದು ನಿಂತಿತು. ತನ್ನ ಹೋಳಿಗೆಯನ್ನ ಕೊನೇ ಸಲ ನೋಡಿ ಕಾಟಯ್ಯನೂ ಎದ್ದ. ದೊರೆ ಎದ್ದು, ಪದ ಸರಿಯಾ ಅನ್ನೋ ಹಾಗೆ ಮೇಷ್ಟ್ರ ಕಡೆ ತಿರುಗಿದ. ಬಾಯಿ ತುಂಬ ಹೋಳಿಗೆ ತುಂಬ್ಕೊಂಡಿದ್ದ ಮೇಷ್ಟ್ರು ಹೌದು ಅಂತ ತಲೆ ಆಡಿಸಲೇಬೇಕಾಯ್ತು.

“ಸರಿ, ಮರ್ಯಾದೆ ಆಯ್ತು. ಕೂತ್ಕೊಳ್ಳಿ,” ಅಂತ ದೊರೆ ಬಗ್ಗಿದ.

“ಅಪ್ಪಾಜಿಯೋರ ಕಟ್ಟಳೆ ಬುದ್ಧಿ. ಎದ್ದೋರು ಎದ್ದಂಗೇ,” ಅಂದ ಕಾಟಯ್ಯ.

ದೊರೆ ಬಗ್ಗಿದವನು ಅಲ್ಲೇ ನಿಂತುಬಿಟ್ಟ. ಕೂತ್ರೆ ಅಪ್ಪನ ಮಾತು ಮೀರಿದ ಹಾಗೆ. ಎದ್ದದ್ದೂ ಅಪ್ಪನ ಹೆಸರಿಗೇ. ಆಗ ಪಂಕ್ತಿಯ ತುದಿಯಿಂದ ಚಪಚಪ ಸದ್ದು ಕೇಳಿಸ್ತು. ಗಿರಿಯಕ್ಕ ಉಣ್ತಿದ್ಲು.

“ಇವತ್ತೂ ನೀನು ಏಳ್ಲಿಲ್ಲ,” ಅಂದ ದೊರೆ.

“ಎಲ್ಲಿ ಏಳ್ಲಪ್ಪ? ನಿಮ್ಮಪ್ಪ ಆ ಕಟ್ಟಳೆ ಮಾಡಿದ್ದೇ ಉಣ್ಣೋರನ್ನ ಯಾರೂ ಎಬ್ಬಿಸ್ಬಾರ್ದು ಅಂತ.” ಅವಳು ಬೆರಳು ನೆಕ್ಕಿದಳು. “ಏಲಕ್ಕಿ ಒಸಿ ಕಮ್ಮಿ ಆಗೈತೆ.”

ದೊರೆ ವಿದೂಷಕನ ಕಡೆ ತಿರುಗಿದ. “ಕಾಟಯ್ಯ, ಆ ಪದಕ್ಕೆ ಅರ್ಥ ಏನೋ?”

“ತಪ್ಪು ತಿಳ್ಕೊಳ್ಳೋದು ಅಂತ, ಬುದ್ಧಿ.”

ದೊರೆ ಮುಖ ಗಂಟು ಹಾಕ್ಕೊಳ್ಳೋಕೆ ನೋಡ್ದ, ಆಗಲಿಲ್ಲ. ನಕ್ಕುಬಿಟ್ಟ. “ಹೊಟ್ಟೆ ಹಸೀತಿದೆ ಕಣೋ. ದಾರಿ ಹೇಳು.”

“ಕಟ್ಟಳೆ ಇರೋದು ಅರಮನೆಗೆ. ಹಿತ್ತಲಲ್ಲಿ ಗಿರಿಯಕ್ಕನ ಒಲೆ ಐತೆ. ಆದ್ರೆ ನಾಳೆ ಸೋಮವಾರ, ಪಾತ್ರೆ ಎಲ್ಲ ಮೂಟೆ ಕಟ್ಟವ್ಳೆ.”

“ಬಿಚ್ಚೋಕೆ ಹೇಳು. ಆ ಮನೆ ಅವಳದ್ದೇ.”

“ಮತ್ತೆ ಎದ್ದು ನಿಲ್ಲೋದು?”

“ಉಂಡು ಕೈತೊಳ್ಕೊಂಡ್ಮೇಲೆ ರದ್ದು ಮಾಡ್ತೀನಿ. ಈಗ ನಡಿ.”

ಆದ್ರೂ ಗಿರಿಯಕ್ಕ ಮೂರನೇ ಹೋಳಿಗೆ ಮುಗಿಸೋವರೆಗೆ ದೊರೆ ಕಾಯಬೇಕಾಯ್ತು. ಆಮೇಲೆ ಒಂದು ರೆಟ್ಟೆ ಅವನು, ಇನ್ನೊಂದು ರೆಟ್ಟೆ ಕಾಟಯ್ಯ ಹಿಡಿದು ಅವಳನ್ನ ಹಿತ್ತಲ ಮನೆಗೆ ಕರ್ಕೊಂಡು ಹೋದ್ರು.

ಬಿಸಿ ಮುದ್ದೆ, ಸೊಪ್ಪಿನ ಸಾರು. ದೊರೆ ಚಕ್ಕಳಮಕ್ಕಳ ಹಾಕ್ಕೊಂಡು ಮೊದಲನೇ ತುತ್ತು ನುಂಗಿದ್ದ, ಅಷ್ಟರಲ್ಲಿ ಹೊಸ್ತಿಲ ಹತ್ರ ಮೇಷ್ಟ್ರು ಪ್ರತ್ಯಕ್ಷ. ಕಂಕುಳಲ್ಲಿ ಪದಗಳ ಪಟ್ಟಿ, ಕಣ್ಣು ಮಾತ್ರ ಮುದ್ದೆ ಮೇಲೆ. ಗಂಟಲು ಸರಿ ಮಾಡ್ಕೊಂಡು “ಡಿಸ...” ಅಂತ ಶುರು ಮಾಡಿದ್ರು.

ಬಾಯಲ್ಲಿ ತುತ್ತಿಟ್ಕೊಂಡೇ ದೊರೆ ಕಾಟಯ್ಯನ ಮುಖ ನೋಡಿದ. ಕಾಟಯ್ಯ ಎದ್ದು ಹೊಸ್ತಿಲು ದಾಟಿದ.

“ಅಷ್ಟುದ್ದದ್ದು ಯಾಕೆ ಮೇಷ್ಟ್ರೇ? ಹಸಿವಾದ್ರೆ ‘ಮುದ್ದೆ’ ಅನ್ನಿ. ಎರಡೇ ಅಕ್ಷರ, ಯಾರೂ ಏಳ್ಬೇಕಾಗಿಲ್ಲ,” ಅಂದು ತನ್ನ ಹಿಂದೆ ಬಾಗಿಲು ಎಳ್ಕೊಂಡ.