ಗಾಳಿ ಕೊಳ್ಳಲು ಬಂದ ಗಿರಾಕಿ

ಬೆಳಗಾವಿ ಸೀಮೆಯ ಒಂದು ಪೇಟೆಯಲ್ಲಿ ಈರಸಂಗಪ್ಪ ಎಂಬ ವ್ಯಾಪಾರಿ ಇದ್ದ. ಅವನದು ವೇಫರ್ಸ್ ಅಂಗಡಿ. ಅಲ್ಲಿಗೆ ಹೋಗಿ ಬರೀ ‘ವೇಫರ್ಸ್ ಕೊಡ್ರಿ’ ಎಂದರೆ ಸಾಲುತ್ತಿರಲಿಲ್ಲ. ದೊಡ್ಡವರಿಗೆ ಆ ಮಾತೆಂದರೆ ಉಪ್ಪುಖಾರ ಸವರಿದ ಆಲೂಗಡ್ಡೆ ಬಿಲ್ಲೆ. ಕೇರಳದ ಲಾರಿ ಡ್ರೈವರುಗಳಿಗೆ ಬಾಳೆಕಾಯಿಯದು. ಶಾಲೆಯ ಮಕ್ಕಳಿಗೆ ನಡುವೆ ಗುಲಾಬಿ ಕ್ರೀಮು ಬಳಿದ ಬಿಸ್ಕತ್ತು. ಚರ್ಚಿನ ಪಕ್ಕದ ಮನೆಯ ರೋಜಾಬಾಯಿಗಂತೂ ಅದು ಪಾದ್ರಿಗಳು ನಾಲಿಗೆಯ ಮೇಲಿಡುವ ಪ್ರಸಾದ. ಅದನ್ನೂ ಕರಿದು ಮಾರುತ್ತಾರೆಂದು ತಿಳಿದು ಆಕೆ ಮೊದಲ ದಿನ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಿದ್ದಳು!

ಹೆಸರು ಒಂದೇ, ಪದಾರ್ಥ ಬೇರೆ ಬೇರೆ. ಆದರೆ ಎಲ್ಲವೂ ತೆಳು. ಬೆಳಕಿಗೆ ಹಿಡಿದು ನೋಡಿದರೆ ಅದರೊಳಗೆ ಏನನ್ನೂ ಬಚ್ಚಿಡಲು ಬರುವುದಿಲ್ಲ. ಬಚ್ಚಿಡಲು ಜಾಗವಿರುವುದು ಪಾಕೀಟಿನಲ್ಲಿ.

ಹೆಂಡತಿ ನೀಲಗಂಗವ್ವ ಒಳಗೆ ಕರಿಯುತ್ತಿದ್ದಳು. ಈರಸಂಗಪ್ಪ ಹೊರಗೆ ಕೂತು ಪಾಕೀಟು ಕಟ್ಟುತ್ತಿದ್ದ. ಅವನ ಮುಂದೆ ಸದಾ ಒಂದು ಮೇಣದಬತ್ತಿ ಉರಿಯುತ್ತಿತ್ತು. ಪಾಕೀಟಿನ ಬಾಯನ್ನು ಬ್ಲೇಡಿನ ಮೇಲೆ ಮಡಚಿ ಉರಿಗೆ ಸವರಿದರೆ ಪ್ಲಾಸ್ಟಿಕ್ಕು ಕರಗಿ ಅಂಟಿಕೊಳ್ಳುತ್ತಿತ್ತು. ಯಾವ ಗಿರಾಕಿ ಬಂದು ಮಾತಾಡಿದರೂ ಆ ಉರಿ ಅಲುಗಾಡುತ್ತಿತ್ತು.

ಒಂದು ವರ್ಷ ಆಲೂಗಡ್ಡೆ ತುಟ್ಟಿಯಾಯಿತು. ಈರಸಂಗಪ್ಪ ದರ ಏರಿಸಲಿಲ್ಲ, ಪಾಕೀಟಿಗೆ ಹಾಕುವ ಹಿಡಿಯನ್ನು ಇಳಿಸಿದ. ಪಾಕೀಟು ಜೋಲುಬಿತ್ತು. ಆಗ ಅದರ ಬಾಯಿಗೆ ಬಾಯಿಟ್ಟು ಒಂದು ಉಸಿರು ಊದಿ, ಥಟ್ಟನೆ ಉರಿಗೆ ಸವರಿದ. ಪಾಕೀಟು ಪೂರಿಯ ಹಾಗೆ ಉಬ್ಬಿ ಕೂತಿತು.

“ಮಂದಿ ತಿನ್ನೂದ್ರಾಗ ಗಾಳಿ ತುಂಬಿ ಮಾರ್ತೀರಲ್ಲ, ಇದು ಚೊಲೋದಲ್ರಿ,” ಎಂದಳು ನೀಲಗಂಗವ್ವ.

“ಗಾಳಿಗೇನು ರೊಕ್ಕ ಕೊಡಬೇಕೇನ? ಪುಕ್ಕಟೆ ಮಾಲು. ನೀ ಸುಮ್ಮ ಕರಿ,” ಎಂದು ನಕ್ಕ ಈರಸಂಗಪ್ಪ.

ಒಂದು ಮುಸ್ಸಂಜೆ ಹೊಸ ಗಿರಾಕಿಯೊಬ್ಬ ಬಂದ. ಮಡಿ ಧೋತರ, ಬಿಳಿಚಿದ ಮುಖ.

“ವೇಫರ್ಸ್ ಕೊಡ್ರಿ, ಯಜಮಾನ್ರ.”

“ಯಾವುದ್ರೀ? ಆಲೂಗಡ್ಡಿದೋ, ಬಾಳಿಕಾಯಿದೋ?”

“ಯಾವುದಾದ್ರೂ ನಡೀತೈತಿ. ಚಂದಾಗಿ ಉಬ್ಬಿರಬೇಕು, ಅಷ್ಟ.”

ಅವನು ಬತ್ತಿಯ ಮೇಲೆಯೇ ಬಗ್ಗಿ ಮಾತಾಡಿದ್ದ. ಉರಿ ಮಾತ್ರ ಸೂಜಿಯಂತೆ ನೆಟ್ಟಗೆ ನಿಂತಿತ್ತು. ಈರಸಂಗಪ್ಪ ಅದನ್ನು ಕಂಡ, ಆದರೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಗಿರಾಕಿ ಪೂರ್ತಿ ಹಣ ಕೊಟ್ಟ. ಪಾಕೀಟಿಗೆ ಉಗುರಿನಿಂದ ತೂತು ಮಾಡಿ, ತುಟಿಗಿಟ್ಟು, ಒಳಗಿನ ಗಾಳಿಯನ್ನು ಮೆಲ್ಲಗೆ ಹೀರಿದ. ಪಾಕೀಟು ಸೊರಗಿತು. ಆಮೇಲೆ ವೇಫರ್ಸನ್ನು ಒಂದೂ ಮುರಿಯದೆ ವಾಪಸು ಇಟ್ಟ.

“ಇವು ನನಗ ಬ್ಯಾಡ್ರಿ. ನಾ ಯಾರದೂ ಕಸಗೊಳ್ಳಾಂವ ಅಲ್ಲ. ನೀವು ಮಾರಿದ್ದನ್ನ ಅಷ್ಟ ಕೊಳ್ತೀನಿ.”

ಈರಸಂಗಪ್ಪನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಹಣವೂ ಬಂತು, ಮಾಲೂ ಉಳಿಯಿತು! ಇಂಥ ಹುಚ್ಚ ಇನ್ನೊಬ್ಬ ಸಿಕ್ಕರೆ ಮಾಳಿಗೆ ಕಟ್ಟಿಸಬಹುದು ಎಂದುಕೊಂಡ.

ಹುಚ್ಚ ದಿನಾ ಬಂದ. ದಿನಾ ಇನ್ನಷ್ಟು ಪಾಕೀಟು ಕೇಳಿದ. ಈರಸಂಗಪ್ಪ ಕೆನ್ನೆ ಉಬ್ಬಿಸಿ ಊದಿದ್ದೇ ಊದಿದ್ದು. ಬರಬರುತ್ತ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿಯತೊಡಗಿತು. ‘ಗರಂ ಗರಂ ವೇಫರ್ಸ್’ ಎಂದು ಕೂಗಲು ಹೋದರೆ ಮೊದಲ ಗರಂ ಮಾತ್ರ ಹೊರಬೀಳುತ್ತಿತ್ತು. ಅತ್ತ ಗಿರಾಕಿಯ ಮುಖಕ್ಕೆ ರಂಗು ಏರಿತು. ಅವನು ಮಾತಾಡಿದರೆ ಈಗ ಉರಿ ಸಣ್ಣಗೆ ಅಲುಗುತ್ತಿತ್ತು. ಅವನ ಬಾಯಿಂದ ಈರಸಂಗಪ್ಪ ತಿನ್ನುವ ಎಲೆ ಅಡಿಕೆಯದೇ ವಾಸನೆ ಬರುತ್ತಿತ್ತು.

ಆಮೇಲೊಂದು ಸಂಜೆ ಗಿರಾಕಿ ಬಂದವನೇ ಕಟ್ಟೆಗೆ ಕೈಯೂರಿ ಒಳಗಿನ ಕಡೆ ಕೂಗಿದ:

“ನೀಲಾ, ಎಣ್ಣಿ ಕಾದೈತೇನ?”

“ಕಾದೈತ್ರಿ, ತಡೀರಿ, ಬಿಸೀದು ತರ್ತೀನಿ,” ಎಂದು ನೀಲಗಂಗವ್ವ ಒಳಗಿನಿಂದ ಓಗೊಟ್ಟಳು.

ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೇ ದನಿಯ ವ್ಯತ್ಯಾಸ ತಿಳಿಯಲಿಲ್ಲ. ‘ಅಂವ ನಾನಲ್ಲ’ ಎನ್ನಲು ಈರಸಂಗಪ್ಪ ಬಾಯಿ ತೆರೆದ. ದನಿ ಹೊರಡಲಿಲ್ಲ. ಬತ್ತಿಯ ಕಡೆ ನೋಡಿದ. ತನ್ನ ತೆರೆದ ಬಾಯಿಯ ಎದುರು ಉರಿ ಸೂಜಿಯಂತೆ ನೆಟ್ಟಗೆ ನಿಂತಿತ್ತು.

ಗಿರಾಕಿ ನಕ್ಕ. ಅದೂ ಈರಸಂಗಪ್ಪನದೇ ನಗು.

“ಇವತ್ತು ಒಂದ ಪಾಕೀಟು ಸಾಕು, ಯಜಮಾನ್ರ. ತುಂಬಿ ಊದ್ರಿ. ನನಗ ಇನ್ನೊಂದ ಉಸಿರು ಕಡಿಮಿ ಐತಿ. ಅದೊಂದು ಸಿಕ್ಕರ ನಾನೂ ಹೀಂಗ ಅಂಗಡಿ ಹಾಕ್ಕೊಂಡು ಕುಂದರ್ತೀನಿ.”

ಎಲ್ಲಿ ಕೂರುತ್ತಾನೆಂದು ಅವನು ಹೇಳಲಿಲ್ಲ. ಅವನ ಕಣ್ಣು ಈರಸಂಗಪ್ಪ ಕೂತಿದ್ದ ಮಣೆಯ ಮೇಲಿತ್ತು.

ಅಷ್ಟರಲ್ಲಿ ನೀಲಗಂಗವ್ವ ಬಿಸಿ ವೇಫರ್ಸಿನ ಬುಟ್ಟಿ ತಂದಿಟ್ಟಳು. ಈರಸಂಗಪ್ಪ ಪಾಕೀಟು ಎತ್ತಿಕೊಂಡ. ರೂಢಿಯಂತೆ ಅದು ತುಟಿಯವರೆಗೂ ಬಂತು. ಅಲ್ಲಿ ಅವನ ಕೈ ನಿಂತಿತು. ಪಾಕೀಟನ್ನು ಕೆಳಗಿಳಿಸಿ, ಬುಟ್ಟಿಗೆ ಕೈ ಹಾಕಿ, ಹಿಡಿ ಹಿಡಿಯಾಗಿ ತುಂಬತೊಡಗಿದ. ಕುಟ್ಟಿ, ಅಲುಗಿಸಿ, ಮತ್ತೆ ತುಂಬಿದ. ಗಾಳಿ ಹೋಗಲಿ, ಬೆರಳು ತೂರಿಸಲೂ ಜಾಗ ಉಳಿಯಲಿಲ್ಲ. ಆಮೇಲೆ ಬಾಯನ್ನು ಉರಿಗೆ ಸವರಿ ಮುಂದೆ ಚಾಚಿದ.

ಗಿರಾಕಿ ಪಾಕೀಟನ್ನು ಒತ್ತಿ ನೋಡಿದ. ಒಳಗೆ ವೇಫರ್ಸ್ ಚಟಪಟ ಎಂದವು.

“ಇದ್ರಾಗ ನಂದೇನೂ ಇಲ್ಲಲ್ರಿ,” ಎಂದ. ಪಾಕೀಟನ್ನು ಕಟ್ಟೆಯ ಮೇಲಿಟ್ಟು ಕತ್ತಲಾಗುತ್ತಿದ್ದ ಓಣಿಯಲ್ಲಿ ಇಳಿದು ಹೋದ. ಮತ್ತೆ ಬರಲಿಲ್ಲ.

ಈರಸಂಗಪ್ಪ ಬದುಕಿಕೊಂಡ. ಕಾಲಕ್ರಮದಲ್ಲಿ ಪಿಸುಮಾತಿನಷ್ಟು ದನಿಯೂ ಬಂತು. ದರವನ್ನು ನೇರವಾಗಿ ಏರಿಸಿದ. ಅವನ ಪಾಕೀಟು ಈಗ ಚಪ್ಪಟೆ, ಕೈಗೆತ್ತಿಕೊಂಡರೆ ಭಾರ. ಆದರೆ ಮಾರಿದ ಉಸಿರು ತಿರುಗಿ ಬರಲಿಲ್ಲ. ಅಂಗಡಿ ಮುಚ್ಚುವಾಗ ತನ್ನ ಮುಂದಿನ ಬತ್ತಿಯನ್ನು ಊದಿ ಆರಿಸಲೂ ಅವನಿಂದಾಗದು. ನೀಲಗಂಗವ್ವ ಬಂದು ಬೆರಳಿನಿಂದ ಹೊಸಕಿ ಆರಿಸುತ್ತಾಳೆ.

ಒಮ್ಮೊಮ್ಮೆ ಮುಸ್ಸಂಜೆಯಲ್ಲಿ ದೂರದ ಓಣಿಯಿಂದ ‘ಗರಂ ಗರಂ ವೇಫರ್ಸ್’ ಎಂಬ ಗಟ್ಟಿ ಕೂಗು ಈರಸಂಗಪ್ಪನ ಹಳೆಯ ದನಿಯಲ್ಲೇ ಕೇಳುತ್ತದೆ. ನೀಲಗಂಗವ್ವ ತಟ್ಟನೆ ತಲೆಯೆತ್ತುತ್ತಾಳೆ. ಆಮೇಲೆ ಗಂಡನ ಕಡೆ ನೋಡುತ್ತಾಳೆ. ಅವನು ತಲೆ ತಗ್ಗಿಸಿ ಪಾಕೀಟು ತುಂಬುತ್ತಿರುತ್ತಾನೆ.

ನೀತಿ: ಮೋಸಕ್ಕೆ ಬಂಡವಾಳ ಬೇಕಿಲ್ಲ ಎಂದು ತಿಳಿಯಬೇಡಿ. ಇನ್ನೊಬ್ಬರ ಪಾಲಿನಲ್ಲಿ ಕದ್ದ ಜಾಗವನ್ನು ತುಂಬಲು ನಮ್ಮ ಉಸಿರೇ ಖರ್ಚಾಗುತ್ತದೆ. ಎಚ್ಚೆತ್ತ ಗಳಿಗೆಯಲ್ಲೇ ಕೈ ತಡೆದರೆ ಉಳಿದದ್ದಾದರೂ ನಮಗೆ ಉಳಿಯುತ್ತದೆ.